ಲ್ಯಾಬಿನ ಪೆನ್‌ಡ್ರೈವ್‌ಗಳಿಗೆ ಲೈವ್ ಸಿಸ್ಟಮ್ಮೋ, ಪೂರ್ತಿ ಇನ್‌ಸ್ಟಾಲೋ? (12 ಕಂಪ್ಯೂಟರ್, ಒಂದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ)

ಮಲೆನಾಡ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕಂಪ್ಯೂಟರಿಗೆ ಬೇರೆ ಮೇಷ್ಟ್ರು ಇಲ್ಲ. ಹಾಗಾಗಿ ಲ್ಯಾಬಿನ ಬೀಗದ ಕೈ ನನ್ನ ಜೇಬಿನಲ್ಲೇ ಇದೆ.

ಬೆಂಗಳೂರಿನ ಒಂದು ಕಂಪನಿ ನಮಗೆ 12 ಹಳೇ ಡೆಸ್ಕ್‌ಟಾಪ್ ಕೊಟ್ಟಿತು. ಲಾರಿಯಿಂದ ಇಳಿಸಿ, ಒರೆಸಿ, ಆನ್ ಮಾಡಿದರೆ ಹನ್ನೆರಡೂ ಒಂದೇ ರಾಗ ಹಾಡಿದವು: ಬೂಟ್ ಮಾಡಲು ಡಿಸ್ಕ್ ಇಲ್ಲ. ಬಿಚ್ಚಿ ನೋಡಿದೆ. ಹಾರ್ಡ್ ಡಿಸ್ಕ್ ಇರಬೇಕಾದ ಜಾಗದಲ್ಲಿ ಬರೀ ಕೇಬಲ್ ನೇತಾಡುತ್ತಿತ್ತು. ತಮ್ಮ ಮಾಹಿತಿ ಹೊರಗೆ ಹೋಗಬಾರದು ಅಂತ ತೆಗೆದೇ ಕಳಿಸುತ್ತಾರಂತೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಅನ್ನುವ ಹಾಗೆ ಆಗಬಾರದು ಅಂತ ನಾನು ಸುಮ್ಮನಾದೆ.

ಹತ್ತರಲ್ಲಿ 4 ಜಿಬಿ ರ್‍ಯಾಮ್, ಎರಡರಲ್ಲಿ 2 ಜಿಬಿ. ಎಲ್ಲವೂ 64 ಬಿಟ್. ಯುಎಸ್‌ಬಿ 2.0 ಪೋರ್ಟುಗಳು. 16 ಪೋರ್ಟಿನ ಒಂದು ನೆಟ್‌ವರ್ಕ್ ಸ್ವಿಚ್ ಇದೆ. ಆಫೀಸಿನಲ್ಲಿ ಡಿಸ್ಕ್ ಇರುವ ಒಂದೇ ಒಂದು ಕಂಪ್ಯೂಟರ್ ಇದೆ. ಪೋಷಕರು ಸೇರಿ ಹಾಕಿದ ದುಡ್ಡಿನಲ್ಲಿ 16 ಜಿಬಿಯ 15 ಪೆನ್‌ಡ್ರೈವ್ ತಂದೆ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಓಡಿಸೋಣ ಅಂತ.

ಮೊದಲನೇ ಪೆನ್‌ಡ್ರೈವ್‌ಗೆ ಹಾರ್ಡ್ ಡಿಸ್ಕಿಗೆ ಹಾಕುವ ಹಾಗೇ ಪೂರ್ತಿ ಇನ್‌ಸ್ಟಾಲ್ ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲೇ ಕೂತು ಮಾಡಿದೆ. ಎರಡು ಅನಾಹುತ ಆಯಿತು. ಒಂದು, ಪೆನ್‌ಡ್ರೈವ್ ಕಿತ್ತ ಮೇಲೆ ನನ್ನ ಲ್ಯಾಪ್‌ಟಾಪಿನ ವಿಂಡೋಸ್ ಬರುತ್ತಿಲ್ಲ, ಕಪ್ಪು ಪರದೆಯಲ್ಲಿ ಗ್ರಬ್ ಅಂತ ಬರೆದು ಕಣ್ಣು ಮಿಟುಕಿಸುತ್ತದೆ. ಎರಡು, ಲ್ಯಾಬಿನಲ್ಲಿ ಅದು ಎರಡು ವಾರ ಓಡಿತು, ಬಹಳ ನಿಧಾನ. ಮೂರನೇ ವಾರ ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋಯಿತು. ಆಮೇಲೆ ಆನ್ ಮಾಡಿದರೆ ಇನಿಟ್‌ರ್‍ಯಾಮ್‌ಎಫ್‌ಎಸ್ ಅಂತ ಬಂದು ನಿಂತುಬಿಡುತ್ತದೆ. ನಮ್ಮ ಯುಪಿಎಸ್ ಬ್ಯಾಟರಿ ಇರುವುದು ಹೆಸರಿಗೆ ಮಾತ್ರ.

ಈಗ ಪ್ರಶ್ನೆ. ಬರೆಯಲಾಗದ ಲೈವ್ ಸಿಸ್ಟಮ್ (ಇನ್‌ಸ್ಟಾಲ್ ಮಾಡದೆ ನೇರವಾಗಿ ಓಡುವಂಥದ್ದು) ಹಾಕಿದರೆ ಮಕ್ಕಳು ಮಾಡಿದ್ದು ಉಳಿಯುವುದಿಲ್ಲ ಅಲ್ವಾ? ಪೂರ್ತಿ ಇನ್‌ಸ್ಟಾಲ್ ಮಾಡಿದರೆ ಹೀಗೆ ಕೆಡುತ್ತದೆ. ನಡುವೆ ಪರ್ಸಿಸ್ಟೆನ್ಸ್ ಅಂತ ಒಂದು ಇದೆಯಂತೆ. ಯಾವುದು ಹಿಡಿಯಲಿ? ಇನ್ನೊಂದು, ಮನೆಗೂ ಶಾಲೆಗೂ ತೆಗೆದುಕೊಂಡು ಓಡಾಡಲು ನನಗೂ ಒಂದು ಬೇಕು.

ಬೈಟು_ಕಾಫಿ

ಹನ್ನೆರಡು ಎಸ್‌ಎಸ್‌ಡಿ ಹಾಕಿ ಸಾರ್. ತಲೆನೋವೇ ಇಲ್ಲ.

ಮಲೆನಾಡ_ಮೇಷ್ಟ್ರು

ದುಡ್ಡು ಪೆನ್‌ಡ್ರೈವ್‌ಗೆ ಖರ್ಚಾಯಿತು. ಒಂದು ಎಸ್‌ಎಸ್‌ಡಿಯ ದುಡ್ಡಿಗೆ ಮೂರ್ನಾಲ್ಕು ಪೆನ್‌ಡ್ರೈವ್ ಬಂದವು ಅಂತ ಖುಷಿಪಟ್ಟವನು ನಾನೇ.

ಸ್ಕ್ರೂಡ್ರೈವರ್

ಮೇಷ್ಟ್ರೇ, ಶಿವಮೊಗ್ಗದಲ್ಲಿ ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಸತ್ತ ಪೆನ್‌ಡ್ರೈವ್‌ಗಳನ್ನು ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಾ ಬಂದಿದ್ದೇನೆ. ಎರಡನೇ ಬಾಟಲಿ ಅರ್ಧ ಆಗಿದೆ. ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಉದ್ದ ಮಾತಾಡಿದರೆ ಬೇಜಾರಾಗಬೇಡಿ.

ಮೊದಲು ನಿಮ್ಮ ಲ್ಯಾಪ್‌ಟಾಪ್. ವಿಂಡೋಸ್ ಎಲ್ಲಿಗೂ ಹೋಗಿಲ್ಲ. ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ. ಎಫ್12 ಇರಬಹುದು, ಎಫ್9 ಇರಬಹುದು, ಕಂಪನಿಗೊಂದು ರೀತಿ. ಅಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಇರುತ್ತದೆ. ಅದನ್ನು ಆರಿಸಿ ಒಳಗೆ ಹೋಗಿ, ಆಮೇಲೆ ಬಯಾಸ್ ಸೆಟ್ಟಿಂಗಿನಲ್ಲಿ ಅದನ್ನೇ ಮೊದಲನೆಯದು ಮಾಡಿ. ಆಗಿದ್ದು ಇಷ್ಟು: ಯುಇಎಫ್ಐ (ಆನ್ ಮಾಡಿದ ಕೂಡಲೇ ಕಂಪ್ಯೂಟರನ್ನು ಎಬ್ಬಿಸುವ ಹಳೇ ಬಯಾಸಿನ ಜಾಗಕ್ಕೆ ಬಂದ ಹೊಸದು) ಇರುವ ಕಂಪ್ಯೂಟರಿನ ಡಿಸ್ಕಿನಲ್ಲಿ ಬೂಟ್ ಫೈಲುಗಳಿಗೆ ಅಂತಲೇ ಇಎಸ್‌ಪಿ ಅನ್ನುವ ಚಿಕ್ಕ ಪಾರ್ಟಿಷನ್ ಇರುತ್ತದೆ. ಕೆಲವು ಇನ್‌ಸ್ಟಾಲರುಗಳಿಗೆ ಪೆನ್‌ಡ್ರೈವ್‌ಗೆ ಹಾಕು ಅಂತ ಹೇಳಿದರೂ, ಯುಇಎಫ್ಐಗೆ ಬೇಕಾದ ಬೂಟ್‌ಲೋಡರನ್ನು (ಸಿಸ್ಟಮ್ ಶುರು ಮಾಡುವ ಚಿಕ್ಕ ಪ್ರೋಗ್ರಾಮ್, ಲಿನಕ್ಸಿನದರ ಹೆಸರೇ ಗ್ರಬ್) ಮಾತ್ರ ಕಣ್ಣಿಗೆ ಮೊದಲು ಬಿದ್ದ ಇಎಸ್‌ಪಿಗೇ ಹಾಕುತ್ತವೆ. ನಿಮ್ಮಲ್ಲಿ ಮೊದಲು ಬಿದ್ದದ್ದು ಲ್ಯಾಪ್‌ಟಾಪಿನದು. ಮನೆ ಹೊಸದು, ಬೀಗ ಮಾತ್ರ ಪಕ್ಕದ ಮನೆ ಬಾಗಿಲಿಗೆ. ಇನ್ನು ಮೇಲೆ ಪೆನ್‌ಡ್ರೈವ್‌ಗೆ ಪೂರ್ತಿ ಇನ್‌ಸ್ಟಾಲ್ ಮಾಡುವುದಿದ್ದರೆ ಡಿಸ್ಕ್ ಇಲ್ಲದ ಕಂಪ್ಯೂಟರಿನಲ್ಲಿ ಮಾಡಿ. ನಿಮ್ಮ ಹತ್ತಿರ ಅಂಥವು ಹನ್ನೆರಡು ಇವೆಯಲ್ಲ!

ಈಗ ಲ್ಯಾಬು. ಲ್ಯಾಬಿಗೆ ಲೈವೇ ಸರಿ. ಯಾಕೆ ಅಂತ ಗೊತ್ತಾಗಲು ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

ಲೈವ್ ಸಿಸ್ಟಮ್ಮಿನಲ್ಲಿ ಇಡೀ ಲಿನಕ್ಸನ್ನು ಸ್ಕ್ವಾಶ್‌ಎಫ್‌ಎಸ್ ಅನ್ನುವ ಒಂದೇ ಫೈಲಿನಲ್ಲಿ ಒತ್ತಿ ತುಂಬಿರುತ್ತಾರೆ. ಅದು ಅಚ್ಚಾದ ಪಂಚಾಂಗ ಇದ್ದ ಹಾಗೆ. ಓದಬಹುದು, ತಿದ್ದಲಾಗದು. ಅದರ ಮೇಲೆ ಓವರ್‌ಲೇ ಅಂತ ಒಂದು ಗಾಜಿನ ಹಾಳೆ ಇಡುತ್ತಾರೆ. ನೀವು ಬರೆಯುವುದೆಲ್ಲ ಗಾಜಿನ ಮೇಲೆ. ನೋಡುವವರಿಗೆ ಪಂಚಾಂಗದ ಮೇಲೇ ಬರೆದ ಹಾಗೆ ಕಾಣುತ್ತದೆ. ಆ ಗಾಜು ಇರುವುದು ರ್‍ಯಾಮಿನಲ್ಲಿ. ಕರೆಂಟ್ ಹೋದರೆ ಗಾಜು ಹೋಯಿತು. ಪಂಚಾಂಗ ಹಾಗೇ ಇದೆ. ನಾಳೆ ಬೆಳಿಗ್ಗೆ ಮೊದಲನೇ ದಿನದಷ್ಟೇ ಹೊಸದು.

ಇದೇನು ಹೊಸ ಯೋಚನೆ ಅಲ್ಲ. 2000ದಲ್ಲಿ ಜರ್ಮನಿಯ ಕ್ಲೌಸ್ ನಾಪರ್ ಸಿಡಿಯಿಂದಲೇ ಓಡುವ ನಾಪಿಕ್ಸ್ ಅನ್ನುವ ಲಿನಕ್ಸ್ ಬಿಟ್ಟಾಗ ಸುಮಾರು 2 ಜಿಬಿ ಸಾಮಾನನ್ನು ಒತ್ತಿ ಒಂದು 700 ಎಂಬಿ ಸಿಡಿಗೆ ಹಾಕಿದ್ದ. ಗಿರಾಕಿಯ ವಿಂಡೋಸ್ ಕೆಟ್ಟರೆ ಆ ಸಿಡಿ ಹಾಕಿ ಮದುವೆ ಫೋಟೋ ತೆಗೆದುಕೊಡುತ್ತಿದ್ದೆ. ಅಂಗಡಿಗೆ ಹೆಸರು ಬಂದಿದ್ದೇ ಅದರಿಂದ. ಉಬುಂಟು ಅನ್ನುವ ಲಿನಕ್ಸಿನವರು ಕೇಳಿದವರಿಗೆಲ್ಲ ಪುಕ್ಕಟೆ ಸಿಡಿ ಅಂಚೆಯಲ್ಲಿ ಕಳಿಸುತ್ತಿದ್ದರು, 2011ರಲ್ಲಿ ನಿಲ್ಲಿಸಿದರು. ನನ್ನ ಹತ್ತಿರ ಇನ್ನೂ ಎರಡು ಕವರ್ ಸಮೇತ ಇವೆ. ಸಿಡಿಗೆ ಬರೆಯಲು ಬರುವುದಿಲ್ಲ ಅನ್ನುವ ಕೊರತೆಯಿಂದ ಹುಟ್ಟಿದ ವಿದ್ಯೆ ಅದು. ಇವತ್ತು ನಿಮಗೆ ಆ ಕೊರತೆಯೇ ಬೇಕಾಗಿದೆ.

ಪೂರ್ತಿ ಇನ್‌ಸ್ಟಾಲ್ ಯಾಕೆ ನಿಧಾನ? ಪೆನ್‌ಡ್ರೈವ್ ಓದುವುದರಲ್ಲಿ ಪರವಾಗಿಲ್ಲ. ಬರೆಯುವುದರಲ್ಲಿ, ಅದರಲ್ಲೂ ಚೂರುಪಾರು ಬರೆಯುವುದರಲ್ಲಿ ಬಹಳ ದಡ್ಡ. ಫ್ಲ್ಯಾಶ್ ಮೆಮೊರಿಯಲ್ಲಿ ಒಂದು ಅಕ್ಷರ ಅಳಿಸಿ ತಿದ್ದುವುದು ಅಂತ ಇಲ್ಲ. ಅಳಿಸಿದರೆ ದೊಡ್ಡ ಬ್ಲಾಕನ್ನೇ ಅಳಿಸಬೇಕು. 4 ಕೆಬಿ ಬದಲಾಯಿಸಲು ಅಕ್ಕಪಕ್ಕದ್ದನ್ನೆಲ್ಲ ಎತ್ತಿ ಬೇರೆ ಕಡೆ ಇಡಬೇಕು. ಎಸ್‌ಎಸ್‌ಡಿಯಲ್ಲಿ ಇದನ್ನು ನೋಡಿಕೊಳ್ಳಲು ಬುದ್ಧಿವಂತ ಕಂಟ್ರೋಲರ್ ಇದೆ. ಅಗ್ಗದ ಪೆನ್‌ಡ್ರೈವಿನ ಕಂಟ್ರೋಲರಿಗೆ ಫೋಟೋ, ಹಾಡು ತುಂಬಿಸಿಕೊಳ್ಳುವುದು ಮಾತ್ರ ಗೊತ್ತು. ಆದರೆ ಪೂರ್ತಿ ಇನ್‌ಸ್ಟಾಲ್ ಆದ ಲಿನಕ್ಸ್ ಸುಮ್ಮನೆ ಕೂತಿರುವುದಿಲ್ಲ. ಲಾಗ್ ಬರೆಯುತ್ತದೆ, ಬ್ರೌಸರ್ ಕ್ಯಾಶ್ ಬರೆಯುತ್ತದೆ. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಪ್ರತಿ 5 ಸೆಕೆಂಡಿಗೊಮ್ಮೆ ಜರ್ನಲ್, ಅಂದರೆ ಬದಲಾವಣೆಗಳ ದಿನಚರಿ, ಒಪ್ಪಿಸುತ್ತದೆ. ಮಗು ಟೈಪ್ ಮಾಡದೆ ಕಿಟಕಿ ಹೊರಗೆ ಮಳೆ ನೋಡುತ್ತಿದ್ದರೂ ಪೆನ್‌ಡ್ರೈವ್ ಸವೆಯುತ್ತಿರುತ್ತದೆ.

ಅಪ್‌ಡೇಟಿನ ವಿಷಯ ಇನ್ನೂ ಕಷ್ಟ. ಒಂದೊಂದು ಪ್ಯಾಕೇಜು ಹಾಕುವಾಗಲೂ ನಿಜವಾಗಿ ಡಿಸ್ಕಿಗೆ ಇಳಿಯಿತೋ ಅಂತ ಕೇಳಿ ಕೇಳಿ ಮುಂದೆ ಹೋಗುತ್ತದೆ. ಡಿಸ್ಕಿನಲ್ಲಿ ಐದು ನಿಮಿಷದ ಕೆಲಸ ಪೆನ್‌ಡ್ರೈವ್‌ನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಕರೆಂಟ್ ಇರಬೇಕು. ಆಷಾಢದಲ್ಲಿ ನಿಮ್ಮೂರಿನಲ್ಲಿ ಮುಕ್ಕಾಲು ಗಂಟೆ ಕರೆಂಟ್! ನಿಮ್ಮ ಪೆನ್‌ಡ್ರೈವ್ ಕೆಟ್ಟಿದ್ದಕ್ಕೆ ನನಗೇನೂ ಆಶ್ಚರ್ಯ ಆಗಲಿಲ್ಲ. ಮೂರು ವಾರ ತಡೆಯಿತಲ್ಲ ಅಂತಲೇ ಆಶ್ಚರ್ಯ.

(ಅದು ಸತ್ತಿಲ್ಲ ಬಿಡಿ. ಬೇರೆ ಲೈವ್‌ನಿಂದ ಬೂಟ್ ಮಾಡಿ ಆ ಪಾರ್ಟಿಷನ್ನಿಗೆ ಎಫ್‌ಎಸ್‌ಸಿಕೆ ಅನ್ನುವ ದುರಸ್ತಿ ಟೂಲ್ ಓಡಿಸಿದರೆ ಎದ್ದರೂ ಎದ್ದೀತು. ಆದರೆ ಎಬ್ಬಿಸಿ ಮತ್ತೆ ಅದೇ ಲ್ಯಾಬಿಗೆ ಕಳಿಸಬೇಡಿ.)

ಪರ್ಸಿಸ್ಟೆನ್ಸ್ ಅಂದಿರಿ. ಗಾಜಿನ ಹಾಳೆಯನ್ನು ರ್‍ಯಾಮಿನಲ್ಲಿ ಇಡುವ ಬದಲು ಪೆನ್‌ಡ್ರೈವ್‌ನಲ್ಲೇ ಇಡುವುದು, ಅಷ್ಟೇ. ಕೇಳಲು ಚೆನ್ನಾಗಿದೆ. ನಾನೂ ಬಹಳ ದಿನ ಗಿರಾಕಿಗಳಿಗೆ ಇದನ್ನೇ ಮಾಡಿಕೊಟ್ಟೆ. ಆರು ತಿಂಗಳಿಗೆ ಎಲ್ಲರೂ ವಾಪಸ್ ಬಂದರು, ಜಾಗ ಇಲ್ಲ ಅಂತ. ಯಾಕೆ ಅಂದರೆ ಕೆಳಗಿನ ಪಂಚಾಂಗದಿಂದ ಏನನ್ನೂ ಅಳಿಸಲು ಆಗುವುದಿಲ್ಲ. ನೀವು ಅಳಿಸಿದರೆ ಗಾಜಿನ ಮೇಲೆ ಆ ಜಾಗಕ್ಕೆ ಒಂದು ಬಿಳಿ ಚೀಟಿ ಅಂಟಿಸುತ್ತದೆ ಅಷ್ಟೇ. 200 ಎಂಬಿ ಪ್ರೋಗ್ರಾಮ್ ಅಪ್‌ಡೇಟ್ ಮಾಡಿದರೆ ಹಳೆಯದು ಕೆಳಗೆ, ಹೊಸದು ಮೇಲೆ, ಎರಡೂ ಜಾಗ ತಿನ್ನುತ್ತವೆ. ಉಬುಂಟು ತರಹದ ಲೈವ್‌ನಲ್ಲಿ ಕರ್ನಲ್ (ಸಿಸ್ಟಮ್ಮಿನ ತಿರುಳು) ಅಪ್‌ಡೇಟ್ ಮಾಡಿದರೆ ಇನ್ನೂ ತಮಾಷೆ. ಹೊಸ ಕರ್ನಲ್ ಗಾಜಿನ ಮೇಲೆ ಕೂತಿರುತ್ತದೆ, ಬೂಟ್ ಆಗುವುದು ಕೆಳಗಿನ ಹಳೆಯದರಿಂದಲೇ. ಗಾಜನ್ನು ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಫೈಲಾಗಿ ಇಟ್ಟರೆ 4 ಜಿಬಿ ದಾಟುವ ಹಾಗೂ ಇಲ್ಲ. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸಿನ ಲೈವ್‌ನಲ್ಲಿ ಡಿವೈಸ್ ಮ್ಯಾಪರ್ ಸ್ನ್ಯಾಪ್‌ಶಾಟ್ (ಫೈಲಿನ ಬದಲು ಬ್ಲಾಕುಗಳ ಲೆಕ್ಕದಲ್ಲಿ ಬದಲಾವಣೆ ಬರೆಯುವುದು) ಬಳಸುವ ಓವರ್‌ಲೇ ಇದ್ದರೆ ಅಳಿಸಿದರೂ ಜಾಗ ವಾಪಸ್ ಬರುವುದೇ ಇಲ್ಲ. ತುಂಬಿದ ದಿನ ಸಿಸ್ಟಮ್ಮೇ ಕೂತುಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕರೆಂಟ್ ಹೋದಾಗ ಗಾಜು ಕೆಡುವ ಭಯ ಮತ್ತೆ ಬಂತಲ್ಲ. ಪೆನ್‌ಡ್ರೈವ್‌ಗೆ ಬರೆಯುವುದೇ ಬೇಡ ಅಂತ ತಾನೇ ಲೈವಿಗೆ ಬಂದಿದ್ದು?

ಹಾಗಾದರೆ ಮಕ್ಕಳ ಕೆಲಸ ಎಲ್ಲಿ ಉಳಿಯಬೇಕು? ಪೆನ್‌ಡ್ರೈವ್ ಮರೆಯಲಿ. ಆಫೀಸಿನ ಕಂಪ್ಯೂಟರ್ ನೆನಪಿಟ್ಟುಕೊಳ್ಳಲಿ. ಸ್ವಿಚ್ ಇದೆ ಅಂದಿರಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಹಂಚಿದ ಫೋಲ್ಡರ್ ಮಾಡಿ, ತರಗತಿಗೊಂದು, ಒಳಗೆ ಮಗುವಿಗೊಂದು. ಡೆಸ್ಕ್‌ಟಾಪಿನಲ್ಲೇ ಅದರ ಐಕಾನ್ ಇರಲಿ.

ಇದಕ್ಕೆ ನಾನು ಮಾಡುವ ದಾರಿ ಹೇಳುತ್ತೇನೆ. ಎಂಎಕ್ಸ್ ಲಿನಕ್ಸ್ ತೆಗೆದುಕೊಳ್ಳಿ. ನಿಮ್ಮ ಒಂದು ಡೆಸ್ಕ್‌ಟಾಪಿಗೆ ತಾತ್ಕಾಲಿಕವಾಗಿ ಯಾವುದಾದರೂ ಹಳೇ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಪೂರ್ತಿ ಇನ್‌ಸ್ಟಾಲ್ ಮಾಡಿ. ಮಕ್ಕಳಿಗೆ ಬೇಕಾದ್ದೆಲ್ಲ ಹಾಕಿ. ಲಿಬ್ರೆ ಆಫೀಸ್, ಜಿಯೋಜೀಬ್ರಾ, ಟಕ್ಸ್ ಪೇಂಟ್, ಜಿಕಾಂಪ್ರಿ. ಕನ್ನಡ ಟೈಪಿಂಗಿಗೆ ಐಬಸ್ ಅನ್ನುವ ಪ್ರೋಗ್ರಾಮ್ ಮತ್ತು ಅದರ ಎಂ17ಎನ್ ಹಾಕಿದರೆ ಕೆಜಿಪಿ ಕೀಲಿಮಣೆ ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರಿಗೆ ಬೆರಳು ಬದಲಾಯಿಸುವ ಕೆಲಸ ಇಲ್ಲ. ಗುಬ್ಬಿ, ನವಿಲು ಅಂತ ಎರಡು ಫಾಂಟ್ ಪ್ಯಾಕೇಜ್ ಇವೆ, ಅವನ್ನೂ ಹಾಕಿ. ಆಫೀಸಿನ ಫೋಲ್ಡರಿನ ಐಕಾನ್ ಇಡಿ. ಆಟೋ ಅಪ್‌ಡೇಟ್ ನಿಲ್ಲಿಸಿ. ಎಲ್ಲ ಸರಿ ಅನ್ನಿಸಿದ ಮೇಲೆ ಎಂಎಕ್ಸ್ ಸ್ನ್ಯಾಪ್‌ಶಾಟ್ ಅನ್ನುವ ಟೂಲ್ ತೆಗೆಯಿರಿ. ನಿಮ್ಮ ಆ ಸಿಸ್ಟಮ್ಮನ್ನೇ ಒತ್ತಿ ಒಂದು ಐಎಸ್‌ಒ (ಇಡೀ ಸಿಸ್ಟಮ್ ಇರುವ ಒಂದೇ ಫೈಲ್) ಮಾಡಿಕೊಡುತ್ತದೆ. ಖಾತೆಗಳನ್ನು ಇಟ್ಟುಕೊಳ್ಳಲೋ ತೆಗೆಯಲೋ ಅಂತ ಕೇಳುತ್ತದೆ. ಬೇರೆಯವರಿಗೆ ಹಂಚಲು ಅನ್ನುವುದನ್ನು ಆರಿಸಿ. ಆಗ ನಿಮ್ಮ ಪಾಸ್‌ವರ್ಡು ಅದರಲ್ಲಿ ಹೋಗುವುದಿಲ್ಲ, ಡೆಮೊ ಅನ್ನುವ ಖಾತೆ ಇರುತ್ತದೆ. ಆ ಐಎಸ್‌ಒವನ್ನು ಹನ್ನೆರಡು ಪೆನ್‌ಡ್ರೈವ್‌ಗೂ ಬರೆಯಿರಿ. ಮೂರು ಉಳಿಯುತ್ತವೆ. ಅವು ಬೇಕೇ ಬೇಕು, ಯಾಕೆ ಅಂದರೆ ಮಕ್ಕಳು ಕಾಲಿನಲ್ಲಿ ಒದೆಯುತ್ತಾರೆ. ಹಿಂದಿನ ಪೋರ್ಟಿಗೆ ಹಾಕಿ.

ಬರೆಯುವ ಮೊದಲು ಒಂದು ಕೆಲಸ. ಎಫ್3 ಅನ್ನುವ ಟೂಲಿನಲ್ಲಿ ಹದಿನೈದನ್ನೂ ಪರೀಕ್ಷೆ ಮಾಡಿ. 16 ಜಿಬಿ ಅಂತ ಮೇಲೆ ಬರೆದು ಒಳಗೆ 4 ಜಿಬಿ ಇರುವ ಮಾಲು ಬರುತ್ತದೆ. ನನ್ನ ಬಾಟಲಿಯಲ್ಲಿ ಅಂಥವೇ ಒಂದು ಹಿಡಿ ಇವೆ.

ಲೈವಿಗೂ ಕಷ್ಟಗಳಿವೆ, ಮುಚ್ಚಿಡುವುದಿಲ್ಲ. ಗಾಜು ರ್‍ಯಾಮಿನಲ್ಲಿ ಇರುವುದರಿಂದ ಮಕ್ಕಳು ದೊಡ್ಡ ವಿಡಿಯೋ ಡೌನ್‌ಲೋಡ್ ಮಾಡಿದರೆ ರ್‍ಯಾಮೇ ತುಂಬುತ್ತದೆ. ನಿಮ್ಮ ಆ ಎರಡು 2 ಜಿಬಿಯವು ಬ್ರೌಸರ್ ತೆಗೆದರೆ ಏದುಸಿರು ಬಿಡುತ್ತವೆ. ಅವನ್ನು ಟೈಪಿಂಗಿಗೆ ಮಾತ್ರ ಇಡಿ. ಇನ್ನೊಂದು, ಲಿಬ್ರೆ ಆಫೀಸ್ ಕರೆಂಟ್ ಹೋದಾಗ ವಾಪಸ್ ಕೊಡಲು ಅಂತ ಇಡುವ ಪ್ರತಿಯೂ ಅದೇ ಗಾಜಿನ ಮೇಲೆ ಇರುತ್ತದೆ. ಹಾಗಾಗಿ ಅದು ಕಾಪಾಡುತ್ತದೆ ಅಂತ ನಂಬಬೇಡಿ. ಫೋಲ್ಡರಿಗೆ ಸೇವ್ ಮಾಡುವುದನ್ನು ಮಕ್ಕಳಿಗೆ ಮಗ್ಗಿ ಹಾಗೆ ಬಾಯಿಪಾಠ ಮಾಡಿಸಿ.

ಬ್ರೌಸರ್ ಹಳೆಯದಾಗುವುದೂ ನಿಜ. ಜೂನಿನಲ್ಲಿ ಶಾಲೆ ತೆಗೆಯುವಾಗ ಒಂದು ಸಲ, ದಸರಾ ರಜೆಯಲ್ಲಿ ಒಂದು ಸಲ, ಆ ಹಾರ್ಡ್ ಡಿಸ್ಕ್ ಸಿಕ್ಕಿಸಿ ಅಪ್‌ಡೇಟ್ ಮಾಡಿ, ಹೊಸ ಐಎಸ್‌ಒ ತೆಗೆದು ಹನ್ನೆರಡಕ್ಕೂ ಬರೆಯಿರಿ. ಇಡೀ ಶನಿವಾರ ಬೇಕು. ಆ ಲ್ಯಾಬಿನಿಂದ ಯಾರೂ ಬ್ಯಾಂಕ್ ಕೆಲಸ ಮಾಡಬಾರದು, ಹೆಡ್‌ಮಾಸ್ಟರೂ ಸೇರಿ.

ನಿಮ್ಮದೊಂದು ಬೇಕು ಅಂದಿರಿ. ಅದಕ್ಕೆ ಉತ್ತರ ಪೂರಾ ಉಲ್ಟಾ. ಅದನ್ನು ಸ್ವಲ್ಪ ಹೊತ್ತು ಬಿಟ್ಟು ಬರೆಯುತ್ತೇನೆ. ಅಂಗಡಿಗೆ ಗಿರಾಕಿ ಬಂದಿದ್ದಾರೆ.

ಕಡಲತಡಿ

ನನ್ನದು ಸ್ವಲ್ಪ ಭಿನ್ನ ರಾಗ. ಮಂಗಳೂರಿನಲ್ಲಿ ನಾನು ಮೂರು ವರ್ಷದಿಂದ 32 ಜಿಬಿ ಪೆನ್‌ಡ್ರೈವ್‌ನಲ್ಲೇ ಪೂರ್ತಿ ಡೆಬಿಯನ್ ಲಿನಕ್ಸ್ ಇನ್‌ಸ್ಟಾಲ್ ಇಟ್ಟುಕೊಂಡಿದ್ದೇನೆ. ದಿನಾ ಬಳಸುತ್ತೇನೆ. ಸತ್ತಿಲ್ಲ. ಪೆನ್‌ಡ್ರೈವ್ ಬರೆದರೆ ಸಾಯುತ್ತದೆ ಅನ್ನುವುದನ್ನು ಜನ ಸ್ವಲ್ಪ ಜಾಸ್ತಿಯೇ ಹೆದರಿಸುತ್ತಾರೆ.

ಮಾಡಬೇಕಾದ್ದು ನಾಲ್ಕೇ. ಎಫ್‌ಎಸ್‌ಟ್ಯಾಬ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ನೋಎಟೈಮ್ ಹಾಕಿ (ಫೈಲ್ ಓದಿದ ಸಮಯ ಬರೆದಿಡುವುದಿಲ್ಲ), ಕಮಿಟ್ (ಜರ್ನಲ್ ಒಪ್ಪಿಸುವ ಸೆಕೆಂಡು) 5 ಇರುವುದನ್ನು 60 ಮಾಡಿ. ಮೆಮೊರಿ ತುಂಬಿದಾಗ ಡಿಸ್ಕಿಗೆ ಬರೆಯುವ ಸ್ವಾಪ್ ಪಾರ್ಟಿಷನ್ ಬೇಡ, ಮೆಮೊರಿಯಲ್ಲೇ ಒತ್ತಿಡುವ ಝಡ್‌ರ್‍ಯಾಮ್ ಹಾಕಿ. ಸಿಸ್ಟಮ್ ಲಾಗ್ ಬರೆಯುವ ಜರ್ನಲ್‌ಡಿಯ ಲಾಗನ್ನು ವೊಲಟೈಲ್ ಮಾಡಿ, ರ್‍ಯಾಮಿನಲ್ಲೇ ಇರುತ್ತದೆ. ಬ್ರೌಸರ್ ಕ್ಯಾಶನ್ನೂ ರ್‍ಯಾಮಿಗೆ ತಿರುಗಿಸಿ. ಬರೆಯುವುದು ಎಷ್ಟೋ ಕಡಿಮೆ ಆಗುತ್ತದೆ.

ಲೈವಿನಲ್ಲಿ ನನಗೆ ಆಗದ್ದು ಅಂದರೆ ಈ ಮರೆವು. ಇವತ್ತು ಒಂದು ಸೆಟ್ಟಿಂಗ್ ಸರಿ ಮಾಡಿದರೆ ನಾಳೆ ಮತ್ತೆ ಮೊದಲಿಂದ. ಕಂಪ್ಯೂಟರನ್ನು ತನ್ನದು ಮಾಡಿಕೊಳ್ಳದೆ ಮಕ್ಕಳು ಏನು ಕಲಿಯುತ್ತಾರೆ? ವಾಲ್‌ಪೇಪರ್ ಬದಲಾಯಿಸಿದ್ದೂ ಉಳಿಯದಿದ್ದರೆ ಅದೇನು ಕಂಪ್ಯೂಟರು?

ಸ್ಕ್ರೂಡ್ರೈವರ್

ಕಡಲತಡಿಯವರೇ, ನಿಮ್ಮ ನಾಲ್ಕೂ ಮಾತು ಸರಿ. ಇನ್‌ಸ್ಟಾಲ್ ಮಾಡುವವರು ಅದನ್ನು ಬರೆದಿಟ್ಟುಕೊಳ್ಳಲಿ. ಒಂದೇ ತಕರಾರು: ಕಮಿಟ್ 60 ಅಂದರೆ ಕರೆಂಟ್ ಹೋದಾಗ ಕೊನೆಯ ಒಂದು ನಿಮಿಷದ ಕೆಲಸವೂ ಹೋಗಬಹುದು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇದೆ, ಸರಿ. ಮೇಷ್ಟ್ರ ಲ್ಯಾಬಿನಲ್ಲಿ ಇಲ್ಲ.

ಮತ್ತೆ, ನಿಮ್ಮ ಪೆನ್‌ಡ್ರೈವ್ ಒಂದು. ಬಳಸುವವರು ನೀವು ಒಬ್ಬರು. ಶಟ್‌ಡೌನ್ ಮಾಡದೆ ಕೀಳುವುದಿಲ್ಲ. ಅಲ್ಲಿ ಎಂಟನೇ ತರಗತಿ ಎ ಸೆಕ್ಷನ್ ಎದ್ದು ಹೋದ ಮೇಲೆ ಬಿ ಸೆಕ್ಷನ್ ಬರುತ್ತದೆ. ಗಂಟೆ ಬಾರಿಸಿತು ಅಂದರೆ ಸ್ವಿಚ್ಚನ್ನೇ ಆಫ್ ಮಾಡಿ ಓಡುವ ವಯಸ್ಸು. ಒಬ್ಬ ಪ್ಯಾನೆಲ್ಲನ್ನು ಎಳೆದು ಪರದೆಯ ನಡುವೆ ತಂದು ನಿಲ್ಲಿಸಿರುತ್ತಾನೆ, ಇನ್ನೊಬ್ಬಳು ಭಾಷೆಯನ್ನು ಜಪಾನಿ ಮಾಡಿರುತ್ತಾಳೆ. ತಪ್ಪಲ್ಲ, ಹಾಗೇ ಕಲಿಯಬೇಕು. ಆದರೆ ಮುಂದಿನ ಪೀರಿಯಡ್ಡಿಗೆ ಅದು ಸರಿ ಇರಬೇಕಲ್ಲ. ಮರೆಯುವ ಸಿಸ್ಟಮ್ ಇದ್ದರೆ ಮಕ್ಕಳು ಏನು ಬೇಕಾದರೂ ಒತ್ತಬಹುದು. ಮೇಷ್ಟ್ರಿಗೆ ಬೈಯುವ ಕೆಲಸ ಇಲ್ಲ, ಆಫ್ ಮಾಡಿ ಆನ್ ಮಾಡಿದರೆ ಆಯಿತು.

ವಾಲ್‌ಪೇಪರಿನ ಮಾತು ಮಾತ್ರ ನನಗೆ ನಾಟಿತು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಈಗ ಮೇಷ್ಟ್ರ ಸ್ವಂತದ್ದು. ನಿಮಗೆ ಬೇಕಾಗಿರುವುದು ನೆನಪಿಟ್ಟುಕೊಳ್ಳುವ ಸಿಸ್ಟಮ್. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಬ್ರೌಸರಿನ ಗುರುತುಗಳು. ಅದಕ್ಕೆ ಪೂರ್ತಿ ಇನ್‌ಸ್ಟಾಲೇ ಬೇಕು, ಆದರೆ ಪೆನ್‌ಡ್ರೈವ್‌ಗೆ ಬೇಡ. ಚಿಕ್ಕ ಸಾಟಾ ಎಸ್‌ಎಸ್‌ಡಿ ಒಂದು, ಯುಎಸ್‌ಬಿ ಕೇಸ್ ಒಂದು. ಅದರ ಕಂಟ್ರೋಲರ್ ಈ ಕೆಲಸಕ್ಕೆ ಹುಟ್ಟಿದ್ದು. ಎಷ್ಟು ಸವೆದಿದೆ ಅಂತ ಸ್ಮಾರ್ಟ್‌ಸಿಟಿಎಲ್ ಅನ್ನುವ ಟೂಲ್ ಹಾಕಿ ನೋಡಬಹುದು, ಹೆಚ್ಚಿನ ಕೇಸುಗಳಲ್ಲಿ ಕೆಲಸ ಮಾಡುತ್ತದೆ. ಪೆನ್‌ಡ್ರೈವ್ ಆ ಲೆಕ್ಕ ಕೊಡುವುದಿಲ್ಲ, ಒಂದು ದಿನ ಹೇಳದೆ ಕೇಳದೆ ಹೋಗುತ್ತದೆ. ಕೆಲವು ಸಾಯುವ ಮೊದಲು ತಾವೇ ರೀಡ್-ಓನ್ಲಿ ಆಗಿಬಿಡುತ್ತವೆ. ಫೈಲ್ ಅಳಿಸಿದರೂ ಮತ್ತೆ ಬರುತ್ತದೆ, ಭೂತ ಇದೆ ಅಂತ ಒಬ್ಬರು ಅಂಗಡಿಗೆ ತಂದಿದ್ದರು.

ಇನ್‌ಸ್ಟಾಲ್ ಮಾಡುವಾಗ ಮೂರು ಮಾತು. ಎಲ್ಲಿ ಸಿಕ್ಕಿಸಿದರೂ ಬೂಟ್ ಆಗಬೇಕಾದರೆ ಗ್ರಬ್ಬನ್ನು ರಿಮೂವಬಲ್ ಅನ್ನುವ ಆಯ್ಕೆ ಕೊಟ್ಟು ಹಾಕಬೇಕು. ಆಗ ಅದು ಎಸ್‌ಎಸ್‌ಡಿಯ ಇಎಸ್‌ಪಿಯಲ್ಲೇ, ಎಲ್ಲ ಯುಇಎಫ್ಐ ಕಂಪ್ಯೂಟರುಗಳೂ ಹುಡುಕುವ ಜಾಗದಲ್ಲಿ ಕೂರುತ್ತದೆ. ಲ್ಯಾಬಿನ ಹಳೇ ಬಯಾಸ್ ಯಂತ್ರದಲ್ಲೂ ಬೇಕಿದ್ದರೆ ಬಯಾಸಿನ ಗ್ರಬ್ಬನ್ನೂ ಅದೇ ಡಿಸ್ಕಿಗೆ ಹಾಕಿ, ಎರಡೂ ಜೊತೆಗೆ ಇರುತ್ತವೆ. ಎರಡನೆಯದು, ಯಾವುದೋ ಒಂದು ಗ್ರಾಫಿಕ್ಸ್ ಕಾರ್ಡಿಗೆ ಅಂತ ಬೇರೆ ಡ್ರೈವರ್ ಹಾಕಬೇಡಿ. ಊರೂರು ತಿರುಗುವ ಡಿಸ್ಕು ಯಾರ ಮನೆ ಊಟವನ್ನಾದರೂ ಮಾಡುವ ಹಾಗಿರಬೇಕು. ಮೂರನೆಯದು, ಎನ್‌ಕ್ರಿಪ್ಟ್ ಮಾಡಿ, ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದ ಹಾಗೆ. ಇನ್‌ಸ್ಟಾಲರಿನಲ್ಲೇ ಲಕ್ಸ್ (ಲಿನಕ್ಸಿನ ಎನ್‌ಕ್ರಿಪ್ಷನ್) ಬೇಕಾ ಅಂತ ಕೇಳುತ್ತದೆ, ಹೂಂ ಅನ್ನಿ. ಅಂಕಪಟ್ಟಿ ಇರುವ ಡಿಸ್ಕನ್ನು ಜೆರಾಕ್ಸ್ ಅಂಗಡಿಯಲ್ಲಿ ಮರೆತು ಬಂದರೆ ಏನು ಗತಿ? ಲೈವ್ ಪೆನ್‌ಡ್ರೈವ್ ಕಳೆದರೆ ಹೋಗುವುದು ಪ್ಲಾಸ್ಟಿಕ್ ಮಾತ್ರ.

ಬೈಟು_ಕಾಫಿ

ನೆಟ್‌ವರ್ಕ್ ಬೂಟ್ ಮಾಡಬಹುದಲ್ಲ? ಎಲ್ಲವೂ ಒಂದೇ ಸರ್ವರಿನಿಂದ ಬೂಟ್ ಆಗುವ ಎಲ್‌ಟಿಎಸ್‌ಪಿ. ಪೆನ್‌ಡ್ರೈವೇ ಬೇಡ.

ಸ್ಕ್ರೂಡ್ರೈವರ್

ಮಾಡಬಹುದು. ಆದರೆ ಸರ್ವರ್ ಆಗುವ ಒಂದು ಯಂತ್ರ ಕೆಟ್ಟರೆ ಹನ್ನೆರಡೂ ಕತ್ತಲು. ಮೇಷ್ಟ್ರು ಮೊದಲು ಇದರಲ್ಲಿ ಒಂದು ವರ್ಷ ಕಳೆಯಲಿ.

ಮಲೆನಾಡ_ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಹನ್ನೆರಡು ದಿನ ಆದ ಮೇಲೆ ವರದಿ ಒಪ್ಪಿಸುತ್ತಿದ್ದೇನೆ.

ವಿಂಡೋಸ್ ವಾಪಸ್ ಬಂತು, ಹೇಳಿದ ಹಾಗೇ. ಎಫ್3 ಹಾಕಿ ನೋಡಿದೆ. ಹದಿನೈದರಲ್ಲಿ ಎರಡು ಮೋಸದ ಮಾಲು. ಅಂಗಡಿಯವನು ಬದಲಾಯಿಸಿ ಕೊಟ್ಟ, ಮುಖ ಗಂಟಿಕ್ಕಿಕೊಂಡು.

ಐಎಸ್‌ಒ 2 ಜಿಬಿಗಿಂತ ಸ್ವಲ್ಪ ಕಡಿಮೆ ಆಯಿತು. ಈಗ ಹನ್ನೊಂದು ಓಡುತ್ತಿವೆ. ಒಂದರ ಬಯಾಸು ಯುಎಸ್‌ಬಿಯಿಂದ ಬೂಟ್ ಮಾಡಲು ಒಪ್ಪುತ್ತಿಲ್ಲ. ಮೊನ್ನೆ ಜೋರು ಮಳೆಯಲ್ಲಿ ಒಂದೇ ಪೀರಿಯಡ್ಡಿನಲ್ಲಿ ನಾಲ್ಕು ಸಲ ಕರೆಂಟ್ ಹೋಯಿತು. ನಾಲ್ಕು ಸಲವೂ ಹನ್ನೊಂದೂ ಎದ್ದು ಕೂತವು. ನಾನು ಕಾರಿಡಾರಿನಲ್ಲಿ ಹೋಗಿ ಹೆಡ್‌ಮಾಸ್ಟರನ್ನು ಕರೆದುಕೊಂಡು ಬಂದು ತೋರಿಸಿದೆ.

ಆದರೆ ಒಂದು ಬೇಜಾರು. ಎಂಟನೇ ತರಗತಿಯ ಹುಡುಗಿ ಕೆಜಿಪಿಯಲ್ಲಿ ಕಷ್ಟಪಟ್ಟು ಅಜ್ಜಿಯ ಬಗ್ಗೆ ಒಂದೂವರೆ ಪುಟ ಬರೆದಿದ್ದಳು. ಸೇವ್ ಮಾಡಿದ್ದಳು ಕೂಡ, ಆದರೆ ಡಾಕ್ಯುಮೆಂಟ್ಸ್ ಫೋಲ್ಡರಿಗೆ. ಅಂದರೆ ಗಾಜಿನ ಮೇಲೆ. ಮರುದಿನ ಬಂದು ಹುಡುಕಿದಳು. ಅಳಲಿಲ್ಲ. ಸಾರ್, ನಾನು ಸೇವ್ ಒತ್ತಿದ್ದೆ ಅಂತ ಮಾತ್ರ ಹೇಳಿದಳು. ಅದೇ ಜಾಸ್ತಿ ಕಷ್ಟ ಆಯಿತು. ಇದಕ್ಕೆ ಏನಾದರೂ ದಾರಿ ಇದೆಯಾ? ಇನ್ನೊಂದು ಸಣ್ಣ ವಿಷಯ, ಎಂಟು ಕಂಪ್ಯೂಟರುಗಳಲ್ಲಿ ಬ್ರೌಸರ್ ಯಾವ ಸೈಟನ್ನೂ ನಂಬುವುದಿಲ್ಲ ಅನ್ನುತ್ತದೆ. ದಿನಾಂಕ ನೋಡಿದರೆ ಯಾವುದೋ ಕಾಲದ್ದು.

ಸ್ಕ್ರೂಡ್ರೈವರ್

ತಪ್ಪು ನನ್ನದು ಮೇಷ್ಟ್ರೇ. ಮಕ್ಕಳಿಗೆ ಬಾಯಿಪಾಠ ಮಾಡಿಸಿ ಅಂದೆ. ಸೇವ್ ಒತ್ತಿದವಳು ಸರಿಯಾಗೇ ಮಾಡಿದ್ದಾಳೆ. ಸಿಸ್ಟಮ್ ಅವಳಿಗೆ ಸುಳ್ಳು ಹೇಳಿತು. ಡಾಕ್ಯುಮೆಂಟ್ಸ್ ಅಂತ ಒಂದು ಬಾಗಿಲು ತೋರಿಸಿ, ಹಿಂದೆ ಕೋಣೆಯೇ ಇಲ್ಲ.

ಐಎಸ್‌ಒ ಮತ್ತೆ ಮಾಡಿ. ಈ ಸಲ ಬೂಟ್ ಆಗುವಾಗಲೇ ಆಫೀಸಿನ ಹಂಚಿದ ಫೋಲ್ಡರ್ ತಾನೇ ಮೌಂಟ್ ಆಗುವ (ಸೇರಿಕೊಳ್ಳುವ) ಹಾಗೆ ಇಡಿ. ಲಿಬ್ರೆ ಆಫೀಸಿನ ಆಯ್ಕೆಗಳಲ್ಲಿ ಪಾತ್ಸ್ ಅಂತ ಇದೆ, ಅಲ್ಲಿ ಮೈ ಡಾಕ್ಯುಮೆಂಟ್ಸ್ ಜಾಗವನ್ನು ಆ ಫೋಲ್ಡರಿಗೆ ತಿರುಗಿಸಿ. ಡೆಸ್ಕ್‌ಟಾಪಿನ ಡಾಕ್ಯುಮೆಂಟ್ಸ್ ಐಕಾನೂ ಅಲ್ಲಿಗೇ ಹೋಗಲಿ. ಆಗ ಮಗು ಸುಮ್ನೆ ಸೇವ್ ಒತ್ತಿದರೂ ಆಫೀಸಿನ ಡಿಸ್ಕಿಗೇ ಹೋಗುತ್ತದೆ. ಒಂದು ಎಚ್ಚರ: ಈ ಸೆಟ್ಟಿಂಗುಗಳು ನಿಮ್ಮ ಖಾತೆಯಲ್ಲಿ ಇರುತ್ತವೆ. ಡೆಮೊ ಖಾತೆಗೂ ಬರಬೇಕಾದರೆ ಅವನ್ನು ಸ್ಕೆಲ್ ಫೋಲ್ಡರಿಗೆ (ಹೊಸ ಖಾತೆಗಳಿಗೆ ಅಚ್ಚಾಗಿರುವ ಫೋಲ್ಡರ್) ನಕಲು ಮಾಡಿ ಆಮೇಲೆ ಸ್ನ್ಯಾಪ್‌ಶಾಟ್ ತೆಗೆಯಿರಿ. ಹಾಗೆಯೇ ವಾಲ್‌ಪೇಪರಾಗಿ ಆ ಹುಡುಗಿ ಟಕ್ಸ್ ಪೇಂಟಿನಲ್ಲಿ ಏನಾದರೂ ಬರೆದುಕೊಟ್ಟರೆ ಅದನ್ನೇ ಹಾಕಿ. ಕಡಲತಡಿಯವರಿಗೂ ಸಮಾಧಾನ ಆಗುತ್ತದೆ.

ಐಎಸ್‌ಒ 2 ಜಿಬಿ ಒಳಗೆ ಇದೆ ಅಂದಿರಿ. ಹಾಗಿದ್ದರೆ 4 ಜಿಬಿಯವುಗಳಲ್ಲಿ ಟುರ್‍ಯಾಮ್ ಅನ್ನುವ ಬೂಟ್ ಆಯ್ಕೆ ಒಮ್ಮೆ ಹಾಕಿ ನೋಡಿ. ಇಡೀ ಸಿಸ್ಟಮ್ ರ್‍ಯಾಮಿಗೆ ಏರುತ್ತದೆ. ಯುಎಸ್‌ಬಿ 2.0ದಲ್ಲಿ ಸೆಕೆಂಡಿಗೆ 30 ಎಂಬಿ ಲೆಕ್ಕ ಹಿಡಿದರೂ ಒಂದು ನಿಮಿಷದ ಮೇಲೆ ಸ್ವಲ್ಪ ಆಗುತ್ತದೆ. ಆಮೇಲೆ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು. ಒಂದೇ ಪೆನ್‌ಡ್ರೈವ್‌ನಿಂದ ಸಾಲಾಗಿ ಹತ್ತನ್ನೂ ಎಬ್ಬಿಸಬಹುದು. ಆದರೆ ಉಳಿಯುವ ರ್‍ಯಾಮ್ ಅರ್ಧ, ಬ್ರೌಸರಿನಲ್ಲಿ ಎರಡು ಟ್ಯಾಬು ದಾಟಬೇಡಿ. ಕರೆಂಟ್ ಹೋದರೆ ಮತ್ತೆ ಪೆನ್‌ಡ್ರೈವ್ ಹಿಡಿದು ಪ್ರದಕ್ಷಿಣೆ. ಮಳೆಗಾಲಕ್ಕೆ ಬೇಡ, ಬೇಸಿಗೆಗೆ ನೋಡಿ.

ದಿನಾಂಕದ್ದು ಮದರ್‌ಬೋರ್ಡಿನ ಸೆಲ್ ಸತ್ತಿದೆ, ನಾಣ್ಯದ ಹಾಗೆ ಗುಂಡಗೆ ಇರುತ್ತದೆ. ಡಿಸ್ಕ್ ಇದ್ದರೆ ಕೊನೆಯ ಬಾರಿ ಬರೆದ ಸಮಯವನ್ನಾದರೂ ನೋಡಿ ಅಂದಾಜು ಮಾಡಬಹುದಿತ್ತು, ಲೈವಿಗೆ ಅದೂ ಇಲ್ಲ. ತಾರೀಖು ತಪ್ಪಿದರೆ ಸೈಟಿನ ಸರ್ಟಿಫಿಕೇಟ್ ಹೊಂದುವುದಿಲ್ಲ. ಸೆಲ್ಲಿನ ನಂಬರ್ ಸಿಆರ್2032. ಎಂಟು ಬೇಕು ಅಲ್ವಾ? ಹತ್ತು ಹಾಕಿ ಶನಿವಾರ ಬೆಳಿಗ್ಗೆಯ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳಿ. ಬೂಟ್ ಆಗದ ಆ ಹನ್ನೆರಡನೆಯದರ ಬಯಾಸ್ ಪರದೆಯ ಫೋಟೋ ಇಲ್ಲಿ ಹಾಕಿ, ನೋಡೋಣ.